ನುಣುಪಾದಷ್ಟೂ ಘರ್ಷಣೆ ಕಡಿಮೆಯೆ? ಬೇರಿಂಗಿನ ಕುಳಿಗಳು ಮತ್ತು ನಮ್ಮ ಪಾಠಗಳು

ಪ್ರೌಢಶಾಲೆಯ ವಿಜ್ಞಾನದಲ್ಲಿ ಘರ್ಷಣೆಯ ಪಾಠ ಸುಲಭದ್ದೆಂದು ಹೆಸರಾಗಿದೆ. 2008ರಲ್ಲಿ ಎನ್‌ಸಿಇಆರ್‌ಟಿ ಪ್ರಕಟಿಸಿದ ಎಂಟನೆಯ ತರಗತಿಯ ಪುಸ್ತಕವನ್ನೇ ತೆಗೆದುಕೊಳ್ಳಿ. ಅದರಲ್ಲಿನ ವಿವರಣೆಯ ಸಾರ ಇಷ್ಟು: ಯಾವ ಮೇಲ್ಮೈಯಾದರೂ ಅದರಲ್ಲಿ ಕಣ್ಣಿಗೆ ಕಾಣದ ಉಬ್ಬುತಗ್ಗುಗಳಿರುತ್ತವೆ, ಎರಡು ಮೇಲ್ಮೈಗಳು ಕೂಡಿದಾಗ ಅವು ಒಂದರೊಳಗೊಂದು ಸಿಕ್ಕಿಕೊಳ್ಳುತ್ತವೆ, ಇದೇ ಘರ್ಷಣೆಗೆ ಕಾರಣ. ಎಣ್ಣೆಯನ್ನೋ ಗ್ರೀಸನ್ನೋ ಹಾಕಿದರೆ ನಡುವೆ ತೆಳುವಾದ ಪದರ ಏರ್ಪಟ್ಟು ಸಿಕ್ಕಿಕೊಳ್ಳುವುದು ತಪ್ಪುತ್ತದೆ. ಇಷ್ಟನ್ನು ಓದಿದ ಹುಡುಗ ಮುಂದಿನ ತೀರ್ಮಾನವನ್ನು ತಾನೇ ತೆಗೆಯುತ್ತಾನೆ: ಮೇಲ್ಮೈಯನ್ನು ನುಣುಪು ಮಾಡಿದಷ್ಟೂ ಘರ್ಷಣೆ ಕಡಿಮೆ. ಘರ್ಷಣೆಯನ್ನು ಕಡಿಮೆ ಮಾಡುವ ವಿಧಾನಗಳಾವುವು ಎಂದು ಪರೀಕ್ಷೆಯಲ್ಲಿ ಕೇಳಿದರೆ ‘ಪಾಲಿಶ್ ಮಾಡುವುದು’ ಎಂಬುದು ಮೊದಲ ಉತ್ತರ. ಅದಕ್ಕೆ ಪೂರ್ಣ ಅಂಕವೂ ಸಿಗುತ್ತದೆ.

ಈ ಉತ್ತರ ಬರೆದು ಪಾಸಾದ ಹುಡುಗ ಮುಂದೆ ಎಂಜಿನಿಯರಿಂಗ್ ಓದಲು ಹೋದಾಗ ಒಂದು ವಿಚಿತ್ರವನ್ನು ಎದುರಿಸುತ್ತಾನೆ. ಕಳೆದ ಮೂವತ್ತು ವರ್ಷಗಳಿಂದ ಬೇರಿಂಗ್ ಸಂಶೋಧಕರು ಚೆನ್ನಾಗಿ ಪಾಲಿಶ್ ಮಾಡಿದ ಉಕ್ಕಿನ ಮೇಲೆ ಲೇಸರ್ ಹರಿಸಿ, ಬೇಕೆಂದೇ ಸಾವಿರಾರು ಕುಳಿಗಳನ್ನು ಕೊರೆಯುತ್ತಿದ್ದಾರೆ. ಒಂದೊಂದು ಕುಳಿಯ ಅಗಲ ಸುಮಾರು 100 ಮೈಕ್ರೊಮೀಟರ್, ಅಂದರೆ ಒಂದು ಮಿಲಿಮೀಟರಿನ ಹತ್ತನೆಯ ಒಂದು ಭಾಗ. ಆಳ ಐದೋ ಹತ್ತೋ ಮೈಕ್ರೊಮೀಟರ್. ಹೀಗೆ ಮಾಡಿದರೆ ಘರ್ಷಣೆ ಇಳಿಯುತ್ತದೆಂದು ಪ್ರಬಂಧಗಳು ಹೇಳುತ್ತವೆ. ಶಾಲೆಯ ಪಾಠ ಸರಿಯಾದರೆ ಇದು ಸಾಧ್ಯವಿಲ್ಲ. ಇದು ನಿಜವಾದರೆ ಶಾಲೆಯ ಪಾಠದಲ್ಲಿ ಏನೋ ಕೊರತೆಯಿದೆ. ಕೊರತೆ ಎರಡೂ ಕಡೆ ಇದೆ ಎಂಬುದು ನನ್ನ ಅಭಿಪ್ರಾಯ. ಪಾಠ ಹಳೆಯದನ್ನು ಹಿಡಿದು ಕುಳಿತಿದೆ. ಕುಳಿಗಳ ಬಗ್ಗೆ ನಮ್ಮಲ್ಲಿ ಬರುವ ಜನಪ್ರಿಯ ಬರಹಗಳೂ ವಿದ್ಯಾರ್ಥಿಗಳ ಪ್ರಾಜೆಕ್ಟ್ ವರದಿಗಳೂ ಹೊಸದನ್ನು ಅರ್ಧ ಮಾತ್ರ ಅರ್ಥ ಮಾಡಿಕೊಂಡಿವೆ.

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲ್ಲೂಕುಗಳ ಅಧ್ಯಾಪಕರಿಗೆ ಈ ವಿಷಯ ದೂರದ್ದಲ್ಲ. ಇದು ಕಬ್ಬಿನ ಸೀಮೆ. ಕೃಷ್ಣೆಯ ದಡದ ಉಗಾರ ಖುರ್ದದಲ್ಲಿರುವ ಕಾರ್ಖಾನೆಯ ಕಂಪನಿ ಸ್ಥಾಪನೆಯಾದದ್ದು 1939ರಲ್ಲಿ. ಆಮೇಲೆ ಚಿಕ್ಕೋಡಿಯ ದೂಧಗಂಗಾ ಕೃಷ್ಣಾ, ನಿಪ್ಪಾಣಿಯ ಹಾಲಸಿದ್ಧನಾಥ, ಅಥಣಿಯ ಕೃಷ್ಣಾ, ರಾಯಬಾಗ ಎಂದು ಸಹಕಾರಿ ಕಾರ್ಖಾನೆಗಳು ಬಂದವು. ಕಬ್ಬು ಅರೆಯುವ ಗಿರಣಿಯ ಒಂದು ರೋಲರನ್ನು ನೋಡಿದರೆ ಘರ್ಷಣೆಯ ಅಧ್ಯಾಯ ಪೂರ್ತಿ ಅದರಲ್ಲೇ ಇದೆ. ರೋಲರಿನ ನಡುಭಾಗ ಎರಕದ ಕಬ್ಬಿಣದ್ದು, ಅದಕ್ಕೆ ಉದ್ದಕ್ಕೂ ಗಾಡಿಗಳು. ಅದು ಸವೆದು ನುಣುಪಾದರೆ ಕಬ್ಬು ಜಾರುತ್ತದೆ, ಒಳಕ್ಕೆ ಹೋಗುವುದಿಲ್ಲ. ಆದ್ದರಿಂದ ವೆಲ್ಡರ್ ಅದರ ಹಲ್ಲುಗಳ ಮೇಲೆ ಲೋಹದ ಹನಿಗಳನ್ನು ಅಂಟಿಸಿ ಒರಟು ಮಾಡುತ್ತಾನೆ. ಕಾರ್ಖಾನೆಯವರು ಇದನ್ನು ಆರ್ಕಿಂಗ್ ಎನ್ನುತ್ತಾರೆ. ಅದೇ ಶಾಫ್ಟಿನ ಎರಡು ತುದಿಗಳು ಮಾತ್ರ ನುಣುಪಾಗಿ ಮೆರುಗು ಪಡೆದು, ಗನ್‌ಮೆಟಲ್ ಅಥವಾ ವೈಟ್ ಮೆಟಲ್ ಬೇರಿಂಗಿನೊಳಗೆ ಎಣ್ಣೆಯಲ್ಲಿ ತಿರುಗುತ್ತಿರುತ್ತವೆ. ಒಂದೇ ವಸ್ತು, ಒಂದು ಮಾರಿನ ಅಂತರದಲ್ಲಿ ಎರಡು ವಿರುದ್ಧ ಅಪೇಕ್ಷೆಗಳು. (ಬೀಸುವ ಕಲ್ಲು ಸವೆದಾಗ ಉಳಿಯಿಂದ ಹೊಡೆದು ಒರಟು ಮಾಡಿಸುವುದೂ ಮೊದಲನೆಯ ಬಗೆಯದೇ.)

ಈ ಬೇರಿಂಗ್ ಕೈಕೊಟ್ಟರೆ ಆಗುವ ನಷ್ಟ ಬರಿಯ ಎಣ್ಣೆ-ವಿದ್ಯುತ್ತಿನದಲ್ಲ. ನುರಿಸುವ ಹಂಗಾಮಿನ ನಡುವೆ ಗಿರಣಿ ನಿಂತರೆ ಅಂಗಳದಲ್ಲಿ ಟ್ರ್ಯಾಕ್ಟರುಗಳ ಸಾಲು ನಿಲ್ಲುತ್ತದೆ. ಕಡಿದ ಕಬ್ಬು ಒಣಗುತ್ತ ತೂಕವನ್ನೂ ಸಕ್ಕರೆಯನ್ನೂ ಕಳೆದುಕೊಳ್ಳುತ್ತದೆ. ತೂಕದ ನಷ್ಟ ರೈತನದು.

ಈಗ ಪಾಠದ ಕೊರತೆಗೆ ಬರೋಣ. ಉಬ್ಬುತಗ್ಗುಗಳು ಸಿಕ್ಕಿಕೊಳ್ಳುವುದರಿಂದ ಘರ್ಷಣೆ ಎಂಬ ಚಿತ್ರ ಅಮೊಂಟನ್ಸ್ (1699) ಮತ್ತು ಕೂಲಂಬ್ (1785) ಅವರ ಕಾಲದ್ದು. ಅದಕ್ಕೆ ಬಲವಾದ ಆಕ್ಷೇಪವನ್ನು ಸ್ಕಾಟ್ಲೆಂಡಿನ ಜಾನ್ ಲೆಸ್ಲಿ 1804ರಲ್ಲೇ ಎತ್ತಿದ್ದರು. ಒಂದು ದಿಬ್ಬವನ್ನು ಹತ್ತಲು ವ್ಯಯಿಸಿದ ಶಕ್ತಿ ಆಚೆ ಇಳಿಯುವಾಗ ಮರಳಿ ಬರಬೇಕು. ಹತ್ತಿ ಇಳಿಯುವುದಷ್ಟೇ ನಡೆಯುತ್ತಿದ್ದರೆ ಒಟ್ಟು ನಷ್ಟ ಸೊನ್ನೆಯಾಗಬೇಕಲ್ಲವೆ? ಒಂಬತ್ತನೆಯ ತರಗತಿಯಲ್ಲಿ ಶಕ್ತಿಯ ಸಂರಕ್ಷಣೆ ಓದಿದ ವಿದ್ಯಾರ್ಥಿ ಕೇಳಬಹುದಾದ ಪ್ರಶ್ನೆ ಇದು. ಯಾರೂ ಕೇಳುವುದಿಲ್ಲ, ಏಕೆಂದರೆ ಎಂಟನೆಯ ತರಗತಿಯಲ್ಲೇ ಉತ್ತರ ಸಿಕ್ಕಿಬಿಟ್ಟಿದೆ. ಇಪ್ಪತ್ತನೆಯ ಶತಮಾನದಲ್ಲಿ ಕೇಂಬ್ರಿಜ್‌ನ ಬೌಡನ್ ಮತ್ತು ಟೇಬರ್ ಅವರು ಲೋಹಗಳು ನಿಜವಾಗಿ ಮುಟ್ಟುವುದು ಕೆಲವೇ ತುದಿಗಳಲ್ಲಿ, ಅಲ್ಲಿ ಅವು ಬೆಸೆದುಕೊಂಡಂತೆ ಅಂಟಿಕೊಳ್ಳುತ್ತವೆ, ಆ ಬೆಸುಗೆಗಳನ್ನು ಕತ್ತರಿಸಲು ಬೇಕಾದ ಬಲವೇ ಘರ್ಷಣೆಯ ಮುಖ್ಯ ಪಾಲು ಎಂದು ತೋರಿಸಿದರು. ಅವರ ಹೆಸರಾಂತ ಗ್ರಂಥ 1950ರಲ್ಲಿ ಹೊರಬಂತು. ಹಾಗಾದರೆ ಶುದ್ಧವಾದ ಎರಡು ಲೋಹಗಳನ್ನು ಅತಿಯಾಗಿ ನುಣುಪು ಮಾಡಿದರೆ ಘರ್ಷಣೆ ಇಳಿಯುವ ಬದಲು ಏರಬಹುದು. ಯಾವುದೇ ಪಾಲಿಟೆಕ್ನಿಕ್‌ನ ಮಾಪನ ಪ್ರಯೋಗಾಲಯದಲ್ಲಿ ಸ್ಲಿಪ್ ಗೇಜುಗಳಿರುತ್ತವೆ. ಕನ್ನಡಿಯಂತಹ ಆ ಉಕ್ಕಿನ ತುಂಡುಗಳನ್ನು ಒಂದರ ಮೇಲೊಂದು ಒತ್ತಿ ತಿರುವಿದರೆ ಅಂಟಿಕೊಂಡು ಕೈಯಲ್ಲಿ ತೂಗುತ್ತವೆ. ಪಾಲಿಶ್ ಬಗ್ಗೆ ಪಾಠ ಮಾಡುವ ಮುನ್ನ ಇದನ್ನೊಮ್ಮೆ ತೋರಿಸುವುದು ಒಳ್ಳೆಯದು.

ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರದೀಪ್ ಮೆನೆಜೆಸ್, ಕಿಶೋರ್ ಮತ್ತು ಸತೀಶ್ ಕೈಲಾಸ್ ಅವರು 2006ರಿಂದೀಚೆಗೆ ಪ್ರಕಟಿಸಿದ ಪ್ರಯೋಗಗಳನ್ನೂ ಇಲ್ಲಿ ನೆನೆಯಬೇಕು. ಉಕ್ಕಿನ ಫಲಕಗಳ ಮೇಲೆ ಬೇರೆ ಬೇರೆ ಬಗೆಯ ಗೀರುಗಳನ್ನು ಎಬ್ಬಿಸಿ, ಅವುಗಳ ಮೇಲೆ ಮೆದು ಲೋಹದ ಕಡ್ಡಿಯನ್ನು ಎಳೆದು ಅವರು ಘರ್ಷಣಾಂಕವನ್ನು ಅಳೆದರು. ಘರ್ಷಣೆ ಮುಖ್ಯವಾಗಿ ಗೀರುಗಳ ದಿಕ್ಕನ್ನು ಅವಲಂಬಿಸಿತ್ತು. ಸರಾಸರಿ ಒರಟುತನದ ಪಾತ್ರ ಕಡಿಮೆ. ಗೀರುಗಳಿಗೆ ಅಡ್ಡಲಾಗಿ ಎಳೆದಾಗ ಹೆಚ್ಚು, ದಿಕ್ಕಿಲ್ಲದ ಗೀರುಗಳಿದ್ದಾಗ ಕಡಿಮೆ. ಅಂದರೆ ‘ಎಷ್ಟು ಒರಟು’ ಎಂಬ ಪ್ರಶ್ನೆಗಿಂತ ‘ಎಂತಹ ಒರಟು’ ಎಂಬ ಪ್ರಶ್ನೆ ಹೆಚ್ಚು ಬೆಲೆಯುಳ್ಳದ್ದು. ಆ ಪ್ರಯೋಗಗಳು ಬೇರಿಂಗಿನವಲ್ಲ ಎಂಬುದು ನಿಜ. ಆದರೂ ಪಾಠದ ಚಿತ್ರವನ್ನು ತಿದ್ದಲು ಅಷ್ಟು ಸಾಕು.

ಎಣ್ಣೆಯ ವಿಷಯದಲ್ಲಿ ಪಾಠದ ಲೋಪ ಇನ್ನೂ ದೊಡ್ಡದು. ಎಣ್ಣೆಯ ಪದರ ‘ಏರ್ಪಡುತ್ತದೆ’ ಎಂದು ಪುಸ್ತಕ ಹೇಳಿ ಮುಂದೆ ಹೋಗುತ್ತದೆ. ಚದರ ಸೆಂಟಿಮೀಟರಿಗೆ ಹತ್ತಾರು ಕಿಲೊಗ್ರಾಂ ಭಾರ ಬಿದ್ದಾಗ ಎಣ್ಣೆ ಹಿಂಡಿ ಹೊರಗೆ ಹೋಗದೆ ನಿಲ್ಲುವುದು ಹೇಗೆ? ಇದಕ್ಕೆ ಉತ್ತರ ಸಿಕ್ಕಿದ ಕಥೆ ತರಗತಿಯಲ್ಲಿ ಹೇಳಲು ತುಂಬ ಚೆನ್ನಾಗಿದೆ. 1883ರಲ್ಲಿ ಇಂಗ್ಲೆಂಡಿನ ಬೋಚಂಪ್ ಟವರ್ ರೈಲ್ವೆ ಅಚ್ಚಿನ ಬೇರಿಂಗುಗಳನ್ನು ಪರೀಕ್ಷಿಸುತ್ತಿದ್ದರು. ಎಣ್ಣೆ ಹಾಕಲೆಂದು ಬೇರಿಂಗಿನ ಮೇಲ್ಭಾಗದಲ್ಲಿ ತೂತು ಕೊರೆಸಿದರೆ, ಯಂತ್ರ ತಿರುಗಿದಾಗ ಎಣ್ಣೆ ಒಳಗೆ ಹೋಗುವ ಬದಲು ಮೇಲಕ್ಕೆ ಉಕ್ಕಿತು. ಬಿರಡೆ ಜಡಿದರು, ಅದೂ ನಿಧಾನವಾಗಿ ಹೊರಬಂತು. ಕೊನೆಗೆ ಒತ್ತಡದ ಗೇಜು ಕೂಡಿಸಿದರೆ ಮುಳ್ಳು ಅದರ ಮಿತಿಯಾದ 200 ಪೌಂಡನ್ನು ದಾಟಿತು. ಬೇರಿಂಗಿನ ಮೇಲಿದ್ದ ಸರಾಸರಿ ಭಾರವೋ ಚದರ ಅಂಗುಲಕ್ಕೆ ಅದರ ಅರ್ಧದಷ್ಟು. ಶಾಫ್ಟು ತಿರುಗುತ್ತ ತಾನೇ ಎಣ್ಣೆಯನ್ನು ಎಳೆದುಕೊಂಡು ಒತ್ತಡ ಹುಟ್ಟಿಸಿ ಅದರ ಮೇಲೆ ತೇಲುತ್ತಿತ್ತು. 1886ರಲ್ಲಿ ಆಸ್ಬರ್ನ್ ರೆನಾಲ್ಡ್ಸ್ ಇದಕ್ಕೆ ಗಣಿತ ಕೊಟ್ಟರು. ತಿರುಳು ಇಷ್ಟೆ: ಎಣ್ಣೆ ಅಗಲವಾದ ಸಂದಿನಿಂದ ಕಿರಿದಾದ ಸಂದಿಗೆ ಎಳೆಯಲ್ಪಟ್ಟರೆ ಒಳಗೆ ಬರುವಷ್ಟು ಹೊರಗೆ ಹೋಗಲಾರದೆ ಒತ್ತಡ ಏರುತ್ತದೆ. ಸಂದು ಎಲ್ಲೆಡೆ ಒಂದೇ ಆಗಿದ್ದರೆ ಒತ್ತಡವೇ ಹುಟ್ಟುವುದಿಲ್ಲ.

ಈ ಕೊನೆಯ ವಾಕ್ಯದಲ್ಲಿ ಕುಳಿಗಳ ಒಗಟು ಅಡಗಿದೆ. ಪಂಪಿನ ಶಾಫ್ಟಿನಲ್ಲಿ ನೀರು ಸೋರದಂತೆ ಕೂಡಿಸುವ ಮೆಕ್ಯಾನಿಕಲ್ ಸೀಲಿನಲ್ಲಿ ಎರಡು ಚಪ್ಪಟೆ ಉಂಗುರಗಳು ಸಮಾಂತರವಾಗಿ ಉಜ್ಜುತ್ತಿರುತ್ತವೆ. ಸಿದ್ಧಾಂತದ ಪ್ರಕಾರ ಅವು ತೇಲಬಾರದು, ಆದರೂ ಸ್ವಲ್ಪ ತೇಲುವುದು ಕಂಡುಬಂದಿತ್ತು. 1966ರಲ್ಲಿ ಹ್ಯಾಮಿಲ್ಟನ್, ವಾಲೊವಿಟ್, ಅಲೆನ್ ಎಂಬ ಮೂವರು ಇದಕ್ಕೆ ಮೇಲ್ಮೈಯ ಸೂಕ್ಷ್ಮ ಉಬ್ಬುತಗ್ಗುಗಳೇ ಕಾರಣ ಎಂದರು. (‘ಟ್ರೈಬಾಲಜಿ’ ಎಂಬ ಪದ ಬ್ರಿಟನ್ನಿನ ಜೋಸ್ಟ್ ವರದಿಯಲ್ಲಿ ಬಳಕೆಗೆ ಬಂದದ್ದೂ ಅದೇ ವರ್ಷ.) 1990ರ ದಶಕದಲ್ಲಿ ಇಸ್ರೇಲಿನ ಟೆಕ್ನಿಯಾನ್ ಸಂಸ್ಥೆಯ ಇಝಾಕ್ ಎಟ್ಸಿಯಾನ್ ಇದನ್ನು ಲೇಸರಿನಿಂದ ಮಾಡಬಹುದಾದ ವಿನ್ಯಾಸವಾಗಿ ಬೆಳೆಸಿದರು.

ಒಂದು ಕುಳಿಯ ಮೇಲೆ ಎಣ್ಣೆ ಹರಿಯುವುದನ್ನು ಊಹಿಸಿಕೊಳ್ಳಿ. ಕುಳಿಯ ಈಚೆ ದಡದಲ್ಲಿ ಸಂದು ಹಿಗ್ಗುತ್ತದೆ, ಒತ್ತಡ ಇಳಿಯುತ್ತದೆ. ಆಚೆ ದಡದಲ್ಲಿ ಸಂದು ಕುಗ್ಗುತ್ತದೆ, ಒತ್ತಡ ಏರುತ್ತದೆ. ಇಳಿದದ್ದೂ ಏರಿದ್ದೂ ಸಮ, ಕೂಡಿದರೆ ಸೊನ್ನೆ. ಹಾಗಾದರೆ ಲಾಭ ಎಲ್ಲಿಂದ? ಏರಿಕೆಗೆ ಮೇಲ್ಮಿತಿಯಿಲ್ಲ, ಇಳಿಕೆಗೆ ತಳವಿದೆ. ಸಾಮಾನ್ಯ ಬೇರಿಂಗಿನ ಎಣ್ಣೆಯಲ್ಲಿ ಒತ್ತಡ ಸೊನ್ನೆಯ ಹತ್ತಿರ ಬಂದರೆ ಅದರಲ್ಲಿ ಕರಗಿದ ಗಾಳಿ ಬಿಡುಗಡೆಯಾಗುತ್ತದೆ, ಗುಳ್ಳೆ ಏಳುತ್ತದೆ. ಅದಕ್ಕಿಂತ ಕೆಳಗೆ ಒತ್ತಡ ಇಳಿಯದು. ಸುತ್ತಲಿನ ಒತ್ತಡ ಒಂದು ವಾಯುಭಾರವಾಗಿದ್ದರೆ ನಷ್ಟ ಹೆಚ್ಚೆಂದರೆ ಒಂದು ವಾಯುಭಾರ. ಲಾಭ ಹತ್ತು ವಾಯುಭಾರವೂ ಆಗಬಹುದು. ಈ ಅಸಮತೆಯೇ ಮೇಲ್ಮೈಯನ್ನು ಎತ್ತಿ ಹಿಡಿಯುತ್ತದೆ.

ನಮ್ಮ ಜನಪ್ರಿಯ ಬರಹಗಳಲ್ಲಿ ಈ ಅಂಶ ಬರುವುದಿಲ್ಲ. ಅವು ಎರಡು ಮಾತು ಹೇಳುತ್ತವೆ. ಒಂದು, ಕುಳಿಗಳು ಎಣ್ಣೆಯನ್ನು ಹಿಡಿದಿಟ್ಟುಕೊಳ್ಳುತ್ತವೆ. ಇದು ಸುಳ್ಳಲ್ಲ. ಎಣ್ಣೆ ಸಾಲದ ಕಡೆ, ಲೋಹ ಲೋಹಕ್ಕೆ ತಾಗುವ ಕಡೆ ಕುಳಿ ಪುಟ್ಟ ಬಟ್ಟಲಿನಂತೆ ಕೆಲಸ ಮಾಡುತ್ತದೆ, ಸವೆದ ಲೋಹದ ಪುಡಿಯನ್ನೂ ನುಂಗಿಕೊಳ್ಳುತ್ತದೆ. ಆದರೆ ಪೂರ್ಣ ಪದರವಿರುವಲ್ಲಿ ಬಟ್ಟಲಿನ ಅವಶ್ಯಕತೆಯಿಲ್ಲ, ಅಲ್ಲಿಯ ಕಾರಣ ಮೇಲೆ ಹೇಳಿದ್ದು. ಎರಡನೆಯ ಮಾತು ಗಾಲ್ಫ್ ಚೆಂಡಿನ ಹೋಲಿಕೆ. ಇದು ಪೂರ್ತಿ ತಪ್ಪು. ಚೆಂಡಿನ ಕುಳಿಗಳು ಗಾಳಿಯ ಪದರವನ್ನು ಪ್ರಕ್ಷುಬ್ಧಗೊಳಿಸಿ ಅದು ಚೆಂಡಿನ ಹಿಂಬದಿಯವರೆಗೂ ಅಂಟಿಕೊಂಡಿರುವಂತೆ ಮಾಡುತ್ತವೆ. ಸೆಕೆಂಡಿಗೆ 60 ಮೀಟರ್ ವೇಗದ ಚೆಂಡಿಗೆ ರೆನಾಲ್ಡ್ಸ್ ಸಂಖ್ಯೆ ಒಂದೂವರೆ ಲಕ್ಷ ಮೀರುತ್ತದೆ. 20 ಮೈಕ್ರೊಮೀಟರ್ ದಪ್ಪದ ಎಣ್ಣೆಯ ಪದರದಲ್ಲಿ, ಸೆಕೆಂಡಿಗೆ 5 ಮೀಟರ್ ವೇಗಕ್ಕೆ, ಸ್ನಿಗ್ಧತೆ 0.05 ಪ್ಯಾಸ್ಕಲ್-ಸೆಕೆಂಡ್ ಎಂದು ಹಿಡಿದು ವಿದ್ಯಾರ್ಥಿಗಳೇ ಲೆಕ್ಕ ಹಾಕಲಿ. ಎರಡಕ್ಕಿಂತ ಕಡಿಮೆ ಬರುತ್ತದೆ. ಅಲ್ಲಿ ಪ್ರಕ್ಷುಬ್ಧತೆಯ ಸೊಲ್ಲೇ ಇಲ್ಲ.

ಕಾರಣವನ್ನು ಸರಿಯಾಗಿ ತಿಳಿದರೆ ಎಲ್ಲಿ ಕುಳಿ ಉಪಯೋಗಕ್ಕೆ ಬಾರದು ಎಂಬುದೂ ತಿಳಿಯುತ್ತದೆ. ಭಾರ ಹೊತ್ತ ಜರ್ನಲ್ ಬೇರಿಂಗಿನಲ್ಲಿ ಪದರದ ಒತ್ತಡ ಮೊದಲೇ ನೂರು ವಾಯುಭಾರದಷ್ಟಿದ್ದರೆ, ಕುಳಿಯ ಈಚೆ ದಡದಲ್ಲಿ ಅದು ಎಂಬತ್ತಕ್ಕೆ ಇಳಿದರೂ ಸೊನ್ನೆಯಿಂದ ದೂರ. ಗುಳ್ಳೆ ಏಳುವುದಿಲ್ಲ, ಅಸಮತೆ ಹುಟ್ಟುವುದಿಲ್ಲ. ಉಳಿಯುವುದು ಬರಿಯ ನಷ್ಟ: ಅಲ್ಲಲ್ಲಿ ಸಂದು ಹೆಚ್ಚಾಗಿ ಬೇರಿಂಗಿನ ಭಾರ ಹೊರುವ ಶಕ್ತಿ ಕುಗ್ಗುತ್ತದೆ. ಫ್ರಾನ್ಸಿನ ಮಿಶೆಲ್ ಫಿಯೋ ಮತ್ತು ಸಂಗಡಿಗರು 2011ರಲ್ಲಿ ಪ್ರಕಟಿಸಿದ ಲೆಕ್ಕಾಚಾರ ಇದನ್ನೇ ಹೇಳುತ್ತದೆ. ಜರ್ನಲ್ ಬೇರಿಂಗನ್ನು ಸುತ್ತಲೂ ಕುಳಿಮಯ ಮಾಡಿದರೆ ಪ್ರಯೋಜನವಿಲ್ಲ. ಒತ್ತಡ ಇಳಿಯುತ್ತಿರುವ ಭಾಗದಲ್ಲಿ ಮಾತ್ರ ಮಾಡಿದರೆ ಸ್ವಲ್ಪ ಲಾಭ. ಇತ್ತ ಎಟ್ಸಿಯಾನ್ ಗುಂಪು 2003ರಲ್ಲಿ ಸಮಾಂತರ ಥ್ರಸ್ಟ್ ಬೇರಿಂಗಿಗೆ ಎಣ್ಣೆ ಪ್ರವೇಶಿಸುವ ಕಡೆಯ ಭಾಗದಲ್ಲಿ ಮಾತ್ರ ಕುಳಿ ಬೇಕೆಂದಿತು. ಎರಡೂ ಸರಿ, ಬೇರಿಂಗುಗಳು ಬೇರೆ. ಪ್ರವೇಶದ ಕಡೆ ಕುಳಿಗಳ ಗುಂಪು ಇದ್ದರೆ ಅದು ಒಟ್ಟಾಗಿ ಒಂದು ಮೆಟ್ಟಿಲಿನಂತೆ ವರ್ತಿಸುತ್ತದೆ. ಮೆಟ್ಟಿಲಿನ ಬೇರಿಂಗ್ ಅತಿ ಹೆಚ್ಚು ಭಾರ ಹೊರಬಲ್ಲದೆಂದು ಲಾರ್ಡ್ ರ‍್ಯಾಲೆ 1918ರಲ್ಲೇ ತೋರಿಸಿದ್ದರು. ಲೇಸರ್ ಹೊಸದು, ವಿಚಾರ ನೂರು ವರ್ಷ ಹಳೆಯದು.

ಈ ಕ್ಷೇತ್ರದ ಪ್ರಬಂಧಗಳ ಬಗ್ಗೆ ನನಗಿರುವ ಮುಖ್ಯ ಆಕ್ಷೇಪ ಶೇಕಡಾವಾರಿನದು. ಘರ್ಷಣೆ ಶೇಕಡಾ ಇಷ್ಟು ಇಳಿಯಿತು ಎಂದರೆ, ಯಾವುದಕ್ಕೆ ಹೋಲಿಸಿ? ಸಮಾಂತರವಾದ ನುಣುಪು ಉಂಗುರಕ್ಕೆ ಹೋಲಿಸಿದರೆ ಇಳಿಕೆ ದೊಡ್ಡದಾಗಿ ಕಾಣುವುದು ಸಹಜ. ಆ ಉಂಗುರ ತೇಲಲಾರದೆಂದು ರೆನಾಲ್ಡ್ಸ್ ಸಮೀಕರಣ ಮೊದಲೇ ಹೇಳಿದೆ. ಸರಿಯಾಗಿ ವಿನ್ಯಾಸಗೊಂಡ, ಓರೆಯಾದ ಪ್ಯಾಡಿಗೆ ಹೋಲಿಸಿದರೆ ಲಾಭ ಬಹಳ ಸಣ್ಣದಾಗಬಹುದು. 2016ರಲ್ಲಿ ಗ್ರಾಪರ್, ವಾಂಗ್, ಹಾರ್ವೆ ಇವರು ನೂರಾರು ಪ್ರಬಂಧಗಳನ್ನು ಒಟ್ಟುಗೂಡಿಸಿ ನೋಡಿದಾಗಲೂ ಎಲ್ಲ ಬೇರಿಂಗಿಗೂ ಹೊಂದುವ ಒಂದು ವಿನ್ಯಾಸ ಸಿಗಲಿಲ್ಲ, ಫಲಿತಾಂಶಗಳು ಪರಸ್ಪರ ವಿರುದ್ಧವಾಗಿದ್ದವು. ಅಮೆರಿಕದ ಆರ್ಗಾನ್ ಪ್ರಯೋಗಾಲಯದ 2005ರ ಪ್ರಯೋಗ ನನಗೆ ಹೆಚ್ಚು ಪ್ರಾಮಾಣಿಕವಾಗಿ ಕಾಣುತ್ತದೆ. ಅದು ಒಂದು ಶೇಕಡಾವಾರನ್ನು ಮುಂದಿಡುವ ಬದಲು, ಕುಳಿಗಳಿಂದಾಗಿ ಪೂರ್ಣ ಪದರ ಇನ್ನೂ ಕಡಿಮೆ ವೇಗದಲ್ಲಿ, ಇನ್ನೂ ಹೆಚ್ಚಿನ ಭಾರದಲ್ಲಿ ಏರ್ಪಟ್ಟಿತು ಎಂದು ವ್ಯಾಪ್ತಿಯನ್ನು ತೋರಿಸಿತು. ಲೇಸರ್ ಕರಗಿಸಿದ ಲೋಹ ಕುಳಿಯ ಅಂಚಿನಲ್ಲಿ ಉಬ್ಬಾಗಿ ನಿಲ್ಲುತ್ತದೆ, ಅದನ್ನು ಉಜ್ಜಿ ತೆಗೆಯದಿದ್ದರೆ ಕೆಲಸ ಕೆಡುತ್ತದೆ ಎಂಬುದೂ ಅದರಲ್ಲಿತ್ತು.

ಎಂಜಿನಿಯರಿಂಗ್ ಕಾಲೇಜುಗಳ ಅಂತಿಮ ವರ್ಷದ ವರದಿಗಳಲ್ಲಿ ಇದಾವುದೂ ಇರುವುದಿಲ್ಲ. ಸಾಮಾನ್ಯ ಮಾದರಿ ಹೀಗೆ: ಹಿತ್ತಾಳೆಯ ಬುಷ್ ತಂದು, ಅದರ ಒಳಮೈಯಲ್ಲಿ ಒಂದು ಮಿಲಿಮೀಟರ್ ಅಗಲ, ಅರ್ಧ ಮಿಲಿಮೀಟರ್ ಆಳದ ತೂತುಗಳನ್ನು ಕೊರೆದು, ತಿರುಗಿಸಿ, ಘರ್ಷಣೆ ಇಳಿಯಿತೆಂದು ಬರೆಯುವುದು. ಎಣ್ಣೆಯ ಪದರ 10-20 ಮೈಕ್ರೊಮೀಟರ್, ತೂತಿನ ಆಳ 500. ರ‍್ಯಾಲೆಯ ಅತ್ಯುತ್ತಮ ಮೆಟ್ಟಿಲಿನಲ್ಲಿ ಆಳವಾದ ಕಡೆಯ ಸಂದು ಕಿರಿದಾದ ಕಡೆಯದರ ಸುಮಾರು 1.87 ಪಟ್ಟು, ಅಂದರೆ ಮೆಟ್ಟಿಲಿನ ಎತ್ತರ ಪದರದ ದಪ್ಪಕ್ಕಿಂತ ಕಡಿಮೆ. ಕುಳಿಯ ಆಳವೂ ಆ ಆಸುಪಾಸಿನಲ್ಲಿರಬೇಕು. ಅದರ 25-50 ಪಟ್ಟು ಆಳದ ತೂತಿನಲ್ಲಿ ಎಣ್ಣೆ ಅಲ್ಲೇ ಸುತ್ತುತ್ತಿರುತ್ತದೆ. ಘರ್ಷಣೆ ನಿಜವಾಗಿಯೂ ಇಳಿದಿದ್ದರೆ ಅದು ಎಣ್ಣೆ ಸಂಗ್ರಹದ ಫಲ, ಅಥವಾ ಬುಷ್ ಉಜ್ಜಿ ಹೊಂದಿಕೊಂಡ ಫಲ. ಇವೆರಡನ್ನು ಬೇರ್ಪಡಿಸಲು ಕುಳಿಯಿಲ್ಲದ ಬುಷ್ಷನ್ನೂ ಅಷ್ಟೇ ಹೊತ್ತು ಓಡಿಸಿ ನೋಡಬೇಕಿತ್ತು.

ಹಾಗಾದರೆ ಗಿರಣಿಯ ಬೇರಿಂಗ್ ಯಾವ ಗುಂಪಿಗೆ ಸೇರುತ್ತದೆ? ಜರ್ಮನಿಯ ಸ್ಟ್ರಿಬೆಕ್ 1902ರಲ್ಲಿ ತೋರಿಸಿದಂತೆ, ಸ್ನಿಗ್ಧತೆ ಗುಣಿಸು ವೇಗ ಭಾಗಿಸು ಒತ್ತಡ ಎಂಬ ಒಂದು ಸಂಖ್ಯೆ ಸಾಕು ಇದನ್ನು ಊಹಿಸಲು. 1500 ಸುತ್ತಿನ ಸಾಧಾರಣ ಬೇರಿಂಗೊಂದರ ಪಕ್ಕದಲ್ಲಿ ಇಟ್ಟು ನೋಡಿ. ಗಿರಣಿ ರೋಲರ್ ನಿಮಿಷಕ್ಕೆ ನಾಲ್ಕೈದು ಸುತ್ತು, ಎಂದರೆ ವೇಗ ಮುನ್ನೂರರಲ್ಲಿ ಒಂದು ಪಾಲು; ಹೈಡ್ರಾಲಿಕ್ ಒತ್ತಿನಿಂದಾಗಿ ಬೇರಿಂಗಿನ ಮೇಲಿನ ಒತ್ತಡ ಹತ್ತು ಪಟ್ಟು; ಅಂಟಂಟಾದ ಎಣ್ಣೆಯ ಸ್ನಿಗ್ಧತೆ ಮೂವತ್ತು ಪಟ್ಟು ಎಂದು ಹಿಡಿದರೂ ಒಟ್ಟು ಸಂಖ್ಯೆ ನೂರರಲ್ಲಿ ಒಂದಕ್ಕೆ ಇಳಿಯುತ್ತದೆ. ಪೂರ್ಣ ಪದರದ ಮಾತು ಇಲ್ಲಿ ಇಲ್ಲ. ಲೋಹ ಅಲ್ಲಲ್ಲಿ ತಾಗುತ್ತಲೇ ಇರುತ್ತದೆ. ಆದ್ದರಿಂದ ಇಲ್ಲಿ ಕುಳಿಯಿಂದ ಆಗುವ ಲಾಭ ಬಟ್ಟಲಿನ ಲಾಭ, ತೇಲಿಸುವ ಲಾಭವಲ್ಲ. ಬೆಲೆಬಾಳುವ ಲೇಸರ್ ಕೆಲಸ ಇಲ್ಲಿ ಬೇಡ ಎಂಬುದಕ್ಕೆ ಇನ್ನೊಂದು ಕಾರಣವೂ ಇದೆ. ಐದು ಮೈಕ್ರೊಮೀಟರಿನ ಕುಳಿ ಇಂತಹ ಸವೆತದಲ್ಲಿ ಹಂಗಾಮು ಮುಗಿಯುವ ತನಕ ಉಳಿಯಬೇಕಲ್ಲ! ಕುಳಿಗಳನ್ನು ಪರೀಕ್ಷಿಸಲೇಬೇಕೆಂದಿದ್ದರೆ ಕಾರ್ಖಾನೆಯಲ್ಲೇ ತಕ್ಕ ಜಾಗಗಳಿವೆ: ನೀರು, ರಸ ಸಾಗಿಸುವ ಪಂಪುಗಳ ಸೀಲುಗಳು. ಅಲ್ಲಿ ಮೇಲ್ಮೈಗಳು ಸಮಾಂತರ, ಒತ್ತಡ ಕಡಿಮೆ, ವೇಗ ಹೆಚ್ಚು.

ಗಿರಣಿಯ ಬೇರಿಂಗಿಗೆ ಬೇಕಾದ ಬಟ್ಟಲುಗಳನ್ನು ಮಾಡುವ ಕೈಗಳು ಕಾರ್ಖಾನೆಯಲ್ಲಿ ಹಿಂದಿನಿಂದಲೂ ಇವೆ. ಬೇರಿಂಗ್ ಕೂಡಿಸುವ ಫಿಟ್ಟರ್ ಶಾಫ್ಟಿಗೆ ಮಾರ್ಕಿಂಗ್ ಬ್ಲೂ ಸವರಿ, ಅದನ್ನು ಬೇರಿಂಗಿನಲ್ಲಿ ತಿರುಗಿಸಿ, ನೀಲಿ ಹತ್ತಿದ ಎತ್ತರದ ತಾಣಗಳನ್ನು ಸ್ಕ್ರೇಪರಿನಿಂದ ಕೆರೆಯುತ್ತಾನೆ. ಮತ್ತೆ ನೀಲಿ, ಮತ್ತೆ ಕೆರೆತ. ಕೊನೆಗೆ ಒಳಮೈಯಲ್ಲಿ ಮೀನಿನ ಹುರುಪೆಯಂತೆ ಆಳವಿಲ್ಲದ ಗುರುತುಗಳು ಉಳಿಯುತ್ತವೆ: ಅಗಲ ಕೆಲವು ಮಿಲಿಮೀಟರ್, ಆಳ ಕೆಲವೇ ಮೈಕ್ರೊಮೀಟರ್. ಕುಶಲ ಫಿಟ್ಟರ್ ಅವನ್ನು ಉಜ್ಜಿ ನುಣುಪು ಮಾಡುವುದಿಲ್ಲ, ಎಣ್ಣೆ ನಿಲ್ಲಲಿ ಎಂದು ಬಿಡುತ್ತಾನೆ. ಅಥಣಿ, ನಿಪ್ಪಾಣಿಗಳ ಎಂಜಿನ್ ರಿಪೇರಿ ಅಂಗಡಿಗೆ ಹೋದರೆ ಇದೇ ಮಾತನ್ನು ಸಿಲಿಂಡರಿನ ಒಳಮೈ ಹೇಳುತ್ತದೆ. ಬೋರಿಂಗ್ ಆದ ಮೇಲೆ ಹೋನಿಂಗ್ ಕಲ್ಲಿನಿಂದ ಅಡ್ಡತಿಡ್ಡ ಗೀರು ಹಾಕುತ್ತಾರೆ. ಗೀರು ಅಳಿದು ಸಿಲಿಂಡರ್ ಕನ್ನಡಿಯಾದ ಎಂಜಿನ್ ಎಣ್ಣೆ ಕುಡಿಯಲು ತೊಡಗುತ್ತದೆ, ರಿಂಗುಗಳು ಒರಸುತ್ತವೆ. ಕನ್ನಡಿಯಾಗಿದೆ ಎಂದು ಮೆಕ್ಯಾನಿಕ್ ಹೇಳಿದರೆ ಅದು ಹೊಗಳಿಕೆಯಲ್ಲ.

ಘರ್ಷಣೆಯ ಪಾಠ ಮಾಡುವವರು ಮಕ್ಕಳನ್ನು ಕಾರ್ಖಾನೆಗೆ ಕರೆದೊಯ್ಯುವುದಾದರೆ ಹಂಗಾಮಿನಲ್ಲಿ ಬೇಡ. ಆಗ ಬೇರಿಂಗುಗಳು ಮುಚ್ಚಿರುತ್ತವೆ, ಸದ್ದಿನಲ್ಲಿ ಮಾತೂ ಕೇಳದು. ಹಂಗಾಮು ಮುಗಿದು ರಿಪೇರಿ ನಡೆಯುವ ಬೇಸಿಗೆಯಲ್ಲಿ ಮೊದಲೇ ಅನುಮತಿ ಪಡೆದು ಹೋಗಬೇಕು. ಆಗ ಬಿಚ್ಚಿಟ್ಟ ಬೇರಿಂಗಿನ ಅರ್ಧಗಳು ನೆಲದ ಮೇಲಿರುತ್ತವೆ. ಒಂದು ಭೂತಗನ್ನಡಿ, ಒಂದು ಟಾರ್ಚು ಸಾಕು. ಟಾರ್ಚನ್ನು ಓರೆಯಾಗಿ ಹಿಡಿದರೆ ಕೆರೆದ ಗುರುತುಗಳು ಎದ್ದು ಕಾಣುತ್ತವೆ. ಮಾರ್ಕಿಂಗ್ ಬ್ಲೂ ಮುಟ್ಟಬೇಡಿರೆಂದು ಮಕ್ಕಳಿಗೆ ಮುಂಚೆಯೇ ಹೇಳಿ. ಸಮವಸ್ತ್ರಕ್ಕೆ ಹತ್ತಿದರೆ ಸುಲಭವಾಗಿ ಹೋಗುವುದಿಲ್ಲ.